ಪಂಚೆ ಉಟ್ಟವರಿಗೆ ಬಾಗಿಲು ಮುಚ್ಚಬೇಡಿ

ಇವರಿಗೆ,
ಕರ್ನಾಟಕದ ನಗರಗಳ ಮಾಲ್, ಮಲ್ಟಿಪ್ಲೆಕ್ಸ್, ಕ್ಲಬ್, ಹೋಟೆಲ್ ಹಾಗೂ ಖಾಸಗಿ ಕಂಪನಿಗಳ ಆಡಳಿತದವರು

ಪ್ರತಿ: ಮಾನ್ಯ ನಗರಾಭಿವೃದ್ಧಿ ಸಚಿವರು, ಕರ್ನಾಟಕ ಸರ್ಕಾರ

ವಿಷಯ: ಪಂಚೆ, ಧೋತರ, ಲುಂಗಿ ಉಟ್ಟವರನ್ನು ಬಾಗಿಲಲ್ಲಿ ತಡೆಯುವುದನ್ನು ನಿಲ್ಲಿಸುವ ಕುರಿತು

ಮಾನ್ಯರೇ,

2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದಕ್ಕೆ ಮಗನ ಜೊತೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ಹಿರಿಯ ರೈತರೊಬ್ಬರನ್ನು, ಪಂಚೆ ಉಟ್ಟಿದ್ದಾರೆ ಎಂಬ ಒಂದೇ ಕಾರಣಕ್ಕೆ ಒಳಗೆ ಬಿಡಲಿಲ್ಲ. ಪ್ಯಾಂಟ್ ಹಾಕಿಕೊಂಡು ಬನ್ನಿ ಎಂದರು. ವಿಡಿಯೊ ಹರಿದಾಡಿತು, ಪ್ರತಿಭಟನೆ ನಡೆಯಿತು, ವಿಧಾನಸಭೆಯಲ್ಲಿ ಚರ್ಚೆಯಾಯಿತು, ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಹೇಳಿತು. ಆಡಳಿತದವರು ಕ್ಷಮೆ ಕೇಳಿ, ಅದೇ ರೈತರನ್ನು ಕರೆಸಿ ಶಾಲು ಹೊದಿಸಿದರು. ಅದೇ ವರ್ಷ ಫೆಬ್ರವರಿಯಲ್ಲಿ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ, ತಲೆಯ ಮೇಲೆ ಗಂಟು ಹೊತ್ತಿದ್ದ ರೈತರೊಬ್ಬರನ್ನು ಬಟ್ಟೆ ಕೊಳೆಯಾಗಿದೆ ಎಂದು ತಡೆದಿದ್ದರು. ಟಿಕೆಟ್ ಇದ್ದರೂ ಬಿಡದಿದ್ದಾಗ ಪಕ್ಕದ ಪ್ರಯಾಣಿಕರು ಜಗಳವಾಡಿ ಅವರನ್ನು ರೈಲಿಗೆ ಹತ್ತಿಸಬೇಕಾಯಿತು. ಅಲ್ಲಿನ ಭದ್ರತಾ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆದರು.

ಎರಡೂ ಕಡೆ ಗಲಾಟೆಯಾಯಿತು, ಶಿಕ್ಷೆಯಾಯಿತು. ಆದರೆ ಆ ನಿಯಮ ಯಾರು ಮಾಡಿದ್ದು, ಎಲ್ಲಿ ಬರೆದಿದೆ, ಈಗ ಏನಾಗಿದೆ ಎಂಬ ಪ್ರಶ್ನೆಗೆ ಉತ್ತರ ಬರಲಿಲ್ಲ. ಶಾಲು ಹೊದಿಸಿದ್ದರಿಂದ ಅಂದಿನ ಅವಮಾನಕ್ಕೆ ಸ್ವಲ್ಪ ಸಮಾಧಾನ ಸಿಕ್ಕಿರಬಹುದು. ನಾಳೆ ಬೇರೊಂದು ಊರಿನಿಂದ ಬರುವ ಬೇರೊಬ್ಬ ಹಿರಿಯರಿಗೆ ಅದರಿಂದ ಏನೂ ಆಗುವುದಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ. ಹಬ್ಬಕ್ಕೆ, ಮದುವೆಗೆ ಮಾತ್ರವಲ್ಲ, ಬ್ಯಾಂಕಿಗೆ, ಆಸ್ಪತ್ರೆಗೆ, ಕೆಲಸಕ್ಕೆ, ಸಿನಿಮಾಕ್ಕೆ ಪಂಚೆ ಉಟ್ಟು ಹೋಗುವವರು ನಾವು. ನಿಮ್ಮ ಕಡೆಯಿಂದ ಕೇಳಿಬರುವ ಆಕ್ಷೇಪಗಳನ್ನೆಲ್ಲ ಕೇಳಿದ್ದೇವೆ. ಅವುಗಳಿಗೆ ಒಂದೊಂದಾಗಿ ಉತ್ತರ ಕೊಡುತ್ತೇವೆ.

ಮೊದಲನೆಯದು, ಪಂಚೆ ಮನೆಯಲ್ಲಿ ಉಡುವ ಬಟ್ಟೆ, ಹೊರಗೆ ಹೋಗಲು ತಕ್ಕ ಉಡುಪಲ್ಲ ಎಂಬುದು. ಭಾರತೀಯ ವಕೀಲರ ಪರಿಷತ್ತಿನ ಉಡುಪಿನ ನಿಯಮ ತೆಗೆದು ನೋಡಿ. ಗಂಡಸರು ಕಪ್ಪು ಕೋಟು, ಬಿಳಿ ಪಟ್ಟಿಯ ಜೊತೆಗೆ ಪ್ಯಾಂಟ್ ಅಥವಾ ಧೋತಿ ತೊಡಬಹುದು ಎಂದು ಅದರಲ್ಲಿ ಬರೆದಿದೆ. ಬೇಡ ಎಂದಿರುವುದು ಜೀನ್ಸ್‌ಗೆ. ನ್ಯಾಯಾಲಯದಲ್ಲಿ ನಿಂತು ವಾದ ಮಂಡಿಸಲು ತಕ್ಕದಾದ ಬಟ್ಟೆ ಪಾಪ್‌ಕಾರ್ನ್ ಕೊಳ್ಳುವ ಸಾಲಿನಲ್ಲಿ ನಿಲ್ಲಲು ತಕ್ಕದ್ದಲ್ಲ ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಎಚ್.ಡಿ. ದೇವೇಗೌಡರು 1996ರಲ್ಲಿ ದೇಶದ ಪ್ರಧಾನಿಯಾದದ್ದು ಇದೇ ಪಂಚೆಯಲ್ಲಿ. 2019ರ ಡಿಸೆಂಬರ್‌ನಲ್ಲಿ ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಅವರು ಸ್ಟಾಕ್‌ಹೋಮ್‌ನಲ್ಲಿ ನೊಬೆಲ್ ಸ್ವೀಕರಿಸಿದ್ದೂ ಧೋತಿಯಲ್ಲಿ. ಕುವೆಂಪು ಅವರನ್ನಾಗಲಿ ಡಾ. ರಾಜ್‌ಕುಮಾರ್ ಅವರನ್ನಾಗಲಿ ಬಿಳಿ ಪಂಚೆಯಿಲ್ಲದೆ ನೆನಪಿಸಿಕೊಳ್ಳುವುದೇ ಕಷ್ಟ. ನವೆಂಬರ್ 1ರಂದು ನಿಮ್ಮ ಮುಂಬಾಗಿಲಲ್ಲಿ ಕಟ್ಟುವ ಬ್ಯಾನರುಗಳಲ್ಲೂ ಅವರ ಚಿತ್ರಗಳಿರುತ್ತವೆ.

ಆದರೆ ದೊಡ್ಡವರ ಹೆಸರು ಹೇಳಿ ಗೆಲ್ಲುವುದು ನಮ್ಮ ಉದ್ದೇಶವಲ್ಲ. ದೊಡ್ಡವರು ಪಂಚೆ ಉಟ್ಟರೆ ಸರಳತೆ ಎನ್ನುತ್ತಾರೆ, ಬಡವರು ಉಟ್ಟರೆ ಗತಿಯಿಲ್ಲ ಎನ್ನುತ್ತಾರೆ. ಅದೇ ಬಟ್ಟೆ, ಅದೇ ಅಂಚು. ತೊಂದರೆ ಇರುವುದು ಬಟ್ಟೆ ನೋಡಿ ಮನುಷ್ಯನಿಗೆ ಬೆಲೆ ಕಟ್ಟುವುದರಲ್ಲಿ. ಇಸ್ತ್ರಿ ಮಾಡಿದ ಜರಿಯಂಚಿನ ಪಂಚೆಯವರಿಗೆ ನಮಸ್ಕಾರ ಹೊಡೆದು ಬಿಡುವ ಕಡೆಯೇ, ಚೌಕಳಿ ಲುಂಗಿ ಉಟ್ಟ ಕರಾವಳಿಯವರನ್ನೂ ಕಚ್ಚೆ ಹಾಕಿ ಧೋತರ ಉಟ್ಟು ತಲೆಗೆ ಪಟಗ ಸುತ್ತಿದ ಉತ್ತರ ಕರ್ನಾಟಕದವರನ್ನೂ ನಿಲ್ಲಿಸಿ ಯಾರು, ಎಲ್ಲಿಗೆ, ಏನು ಕೆಲಸ ಎಂದು ಕೇಳುತ್ತಾರೆ. ಲುಂಗಿ ಉಟ್ಟವನು ರೌಡಿ ಇರಬೇಕು, ಇಂಥ ಜಾತಿ ಇರಬೇಕು, ಇಂಥ ಧರ್ಮ ಇರಬೇಕು ಎಂಬ ಲೆಕ್ಕಾಚಾರ ಆ ಪ್ರಶ್ನೆಯ ಹಿಂದೆ ಇರುತ್ತದೆ. ಬಿಳಿ ಪಂಚೆಗೆ ಅವಕಾಶ ಕೊಟ್ಟು ಲುಂಗಿಯನ್ನು ಹೊರಗಿಡುವ ರಾಜಿ ನಮಗೆ ಬೇಡ.

ಎರಡನೆಯ ಆಕ್ಷೇಪ: ಪಂಚೆ ಸರಿಯಾಗಿ ನಿಲ್ಲುವುದಿಲ್ಲ, ಬಿಚ್ಚಿಹೋಗುತ್ತದೆ, ಮೈ ಕಾಣುತ್ತದೆ, ಹೆಂಗಸರು ಮಕ್ಕಳು ಬರುವ ಜಾಗದಲ್ಲಿ ಮುಜುಗರ. ಇದನ್ನು ಹೇಳುವವರಲ್ಲಿ ಹೆಚ್ಚಿನವರು ಪಂಚೆ ಉಟ್ಟಿರುವುದು ಮದುವೆಯ ದಿನ ಮಾತ್ರ. ಅಂದು ಅಂಗಡಿಯಿಂದ ತಂದ ಹೊಸ ಪಂಚೆಯನ್ನು ತೊಳೆಯದೆ, ಗಂಜಿಯ ಬಿಗುವಿನಲ್ಲೇ ಸುತ್ತಿಕೊಂಡು, ಮಧ್ಯಾಹ್ನದವರೆಗೂ ಸೊಂಟ ಹಿಡಿದುಕೊಂಡೇ ಓಡಾಡಿರುತ್ತಾರೆ. ಆ ಅನುಭವದಿಂದ ಬಟ್ಟೆಯನ್ನು ಅಳೆಯಬಾರದು. ಪಂಚೆ ಯಾವಾಗ ನಿಲ್ಲುತ್ತದೆ, ಯಾವಾಗ ಜಾರುತ್ತದೆ ಎಂಬುದಕ್ಕೆ ಸ್ಪಷ್ಟ ಕಾರಣಗಳಿವೆ. ನಿಮಗೂ, ಉಡಲು ಆಸೆಯಿದ್ದು ಹಿಂಜರಿಯುತ್ತಿರುವ ನಿಮ್ಮ ಸಿಬ್ಬಂದಿಗೂ ತಿಳಿಯಲಿ ಎಂದು ಸ್ವಲ್ಪ ವಿವರವಾಗಿಯೇ ಬರೆಯುತ್ತೇವೆ.

ಪಂಚೆಯನ್ನು ಈಗಲೂ ಮೊಳದ ಲೆಕ್ಕದಲ್ಲಿ ಕೇಳಿ ಕೊಳ್ಳುತ್ತಾರೆ. ಒಂದು ಮೊಳ ಎಂದರೆ ಸುಮಾರು ಒಂದೂವರೆ ಅಡಿ. ನಾಲ್ಕು ಮೊಳದ್ದು, ಅಂದರೆ 1.8ರಿಂದ 2 ಮೀಟರಿನದು, ಮಡಿಸದೆ ಒಂಟಿ ಪದರವಾಗಿ ಸುತ್ತಲು. ಎಂಟು ಮೊಳದ್ದು, ಸುಮಾರು 3.6 ಮೀಟರ್, ಮಡಿಸಿ ಎರಡು ಪದರವಾಗಿ ಸುತ್ತಲು ಅಥವಾ ಕಚ್ಚೆ ಹಾಕಲು. ಒಂಬತ್ತು-ಐದು ಎಂದು ಕೇಳಿದರೆ ಒಂಬತ್ತು ಮೊಳದ ಪಂಚೆ, ಐದು ಮೊಳದ ಶಲ್ಯ ಜೊತೆಯಾಗಿ ಬರುತ್ತವೆ. ಪನ್ನ, ಅಂದರೆ ಬಟ್ಟೆಯ ಅಗಲ, ಸಾಮಾನ್ಯವಾಗಿ 50 ಅಂಗುಲ. ಉಟ್ಟಾಗ ಈ ಪನ್ನವೇ ಪಂಚೆಯ ಎತ್ತರವಾಗುತ್ತದೆ. ಸೊಂಟದಲ್ಲಿ ಹೊರಳಿಸಿ ಸುತ್ತಲು ಐದಾರು ಅಂಗುಲ ಹೋಗುತ್ತದೆ. ಆರಡಿ ಎತ್ತರದವರು 50 ಅಂಗುಲದ್ದನ್ನು ತಂದರೆ ಹೊರಳಿಸಲು ಬಟ್ಟೆ ಸಾಲದೆ ಒಂದೇ ಮಡಿಕೆ ಹಾಕುತ್ತಾರೆ, ಅದು ಹತ್ತು ಹೆಜ್ಜೆಗೆ ಸಡಿಲವಾಗುತ್ತದೆ. ಅಂಥವರು 54 ಅಂಗುಲ ಕೇಳಿ ಪಡೆಯಬೇಕು. ಕೈಮಗ್ಗದ ಹತ್ತಿ ಮೊದಲ ತೊಳೆತದಲ್ಲಿ ಸ್ವಲ್ಪ ಕುಗ್ಗುತ್ತದೆ ಎಂಬುದೂ ಲೆಕ್ಕದಲ್ಲಿರಲಿ.

ಉದ್ದದಲ್ಲೂ ಹೀಗೆಯೇ. ಸೊಂಟ 34 ಅಂಗುಲ ಇದ್ದವರಿಗೆ 1.8 ಮೀಟರ್ ಎರಡು ಸುತ್ತು ಬರುತ್ತದೆ. ಸೊಂಟ 42 ದಾಟಿದವರಿಗೆ ಎರಡನೇ ಸುತ್ತು ಮುಕ್ಕಾಲೂ ಮುಗಿಯುವುದಿಲ್ಲ, ಬೀಸಿ ನಡೆದರೆ ಮುಂದೆ ತೆರೆದುಕೊಳ್ಳುತ್ತದೆ. ಮುಜುಗರದ ಘಟನೆಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟುತ್ತವೆ. ಮೇಲಿನ ಪದರ ಒಂದು ಪಕ್ಕೆಯಿಂದ ಇನ್ನೊಂದು ಪಕ್ಕೆಯವರೆಗೆ ಪೂರ್ತಿ ಬರಬೇಕು. ಬಾರದಿದ್ದರೆ ಎಂಟು ಮೊಳದ್ದನ್ನು ಮಡಿಸದೆ ಉದ್ದಕ್ಕೆ ಸುತ್ತುವುದೇ ಸರಿ.

ಮೈ ಕಾಣುವ ಮಾತು ನೂಲಿನ ನಂಬರಿಗೆ ಸೇರಿದ್ದು; ನಂಬರು ಹೆಚ್ಚಿದಷ್ಟೂ ನೂಲು ಸಣ್ಣ. 100, 120ರ ನಂಬರಿನ ನೂಲು ನವಿರಾಗಿರುತ್ತದೆ, ಒಂಟಿ ಪದರದಲ್ಲಿ ಬೆಳಕಿಗೆ ನಿಂತರೆ ಕಾಲು ಕಾಣುತ್ತದೆ. ಅದನ್ನು ಎರಡು ಪದರವಾಗಿಯೇ ಉಡಬೇಕು. ಒಂಟಿ ಪಂಚೆ ಬೇಕೆನ್ನುವವರು 40ರಿಂದ 60ರ ನಂಬರಿನ ದಪ್ಪ ನೂಲಿನದು ತೆಗೆದುಕೊಳ್ಳಬೇಕು. ಒಳಗೆ ಮಂಡಿಯವರೆಗಿನ ಚಡ್ಡಿ ಇದ್ದೇ ಇರುತ್ತದೆ. ಪಟ್ಟಾಪಟ್ಟಿ ಚಡ್ಡಿಯ ಜೇಬು ಫೋನಿಗೂ ದುಡ್ಡಿಗೂ ಆಗುತ್ತದೆ, ಆದರೆ ತೆಗೆಯಲು ಪಂಚೆ ಸರಿಸಬೇಕಾದ್ದರಿಂದ ಹೊರಗೆ ಓಡಾಡುವವರು ಅಂಗಿಯ ಜೇಬನ್ನೋ, ಜೇಬಿರುವ ಸೊಂಟದ ಬೆಲ್ಟನ್ನೋ ನೆಚ್ಚಿಕೊಳ್ಳುವುದು ವಾಸಿ.

ಇನ್ನು ಜಾರುವುದು. ಪಾಲಿಯೆಸ್ಟರ್ ಬೆರೆಸಿದ ಪಂಚೆ ಇಸ್ತ್ರಿ ಕೆಡುವುದಿಲ್ಲ, ನೋಡಲು ಥಳಥಳ ಎನ್ನುತ್ತದೆ. ಆದರೆ ನೂಲು ನುಣುಪಾದ್ದರಿಂದ ಪದರಕ್ಕೆ ಪದರ ಹಿಡಿತ ಕೊಡುವುದಿಲ್ಲ. ಅನುಮಾನವಿದ್ದರೆ ಅಂಚಿನ ಒಂದೆಳೆ ಕಿತ್ತು ಬೆಂಕಿಗೆ ಹಿಡಿಯಿರಿ: ಹತ್ತಿ ಕಾಗದ ಸುಟ್ಟ ವಾಸನೆಯೊಂದಿಗೆ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹತ್ತಿಯದಾದರೂ ಗಂಜಿ ಹೆಚ್ಚಾದರೆ ತೊಂದರೆ ತಪ್ಪಿದ್ದಲ್ಲ. ಬಿರುಸಾದ ಬಟ್ಟೆಯನ್ನು ಸೊಂಟದಲ್ಲಿ ಹೊರಳಿಸಿದರೆ ಅದು ತಾನಾಗಿ ಬಿಚ್ಚಿಕೊಳ್ಳುತ್ತದೆ. ತೆಳು ಗಂಜಿಗೆ ಎರಡು ದೊಡ್ಡ ಚಮಚ ಮೈದಾವನ್ನು ಅರ್ಧ ಲೀಟರ್ ನೀರಲ್ಲಿ ಗಂಟಿಲ್ಲದಂತೆ ಕದಡಿ, ಕುದಿಸಿ, ಸೋಸಿ, ಮೂರು ಲೀಟರ್ ನೀರಿಗೆ ಬೆರೆಸಿದರೆ ಒಂದು ಎಂಟು ಮೊಳದ ಪಂಚೆಗೆ ಧಾರಾಳ. ಅನ್ನ ಬಸಿದ ತಿಳಿಯಾದರೆ ಅಗುಳು ಬಾರದಂತೆ ಬಟ್ಟೆಯಲ್ಲಿ ಸೋಸಬೇಕು, ಇಲ್ಲವಾದರೆ ಒಣಗಿದ ಮೇಲೆ ಬಿಳಿ ಕಲೆ ಕೂರುತ್ತದೆ. ಮೇಲಿನ ಅಂಚಿನ ಅರ್ಧ ಅಡಿಯಷ್ಟು ಭಾಗವನ್ನು ಗಂಜಿಗೆ ಅದ್ದದೆ ಬಿಟ್ಟರೆ ಸೊಂಟದ ಸುತ್ತು ಚೆನ್ನಾಗಿ ಕೂರುತ್ತದೆ. ಗಂಜಿ ಹಾಕಿದ್ದನ್ನು ಬಹಳ ದಿನ ಎತ್ತಿಡಬಾರದು, ಹುಳ ತಿನ್ನುತ್ತದೆ.

ಉಡುವ ಕ್ರಮಕ್ಕೆ ಬಂದರೆ, ಕಚ್ಚೆಯಿಲ್ಲದೆ ಸುತ್ತುವ ಅಡ್ಡಪಂಚೆಗೆ ಕಾಲುಗಳನ್ನು ಭುಜದಗಲಕ್ಕೆ ಸರಿಸಿ ನಿಲ್ಲಬೇಕು. ಕಾಲು ಜೋಡಿಸಿ ನಿಂತು ಬಿಗಿದವರಿಗೆ ಹೆಜ್ಜೆ ಹಾಕಲು ಅಗಲ ಸಾಲದೆ, ಪ್ರತಿ ಹೆಜ್ಜೆಗೂ ಸೊಂಟದ ಸುತ್ತು ಎಳೆಯುತ್ತದೆ. ಎರಡು ಪದರವಾಗಿ ಮಡಿಸಿದ ಪಂಚೆಯನ್ನು ಬೆನ್ನ ಹಿಂದಿನಿಂದ ತಂದು, ಬಲಗೈಯ ತುದಿಯನ್ನು ಹೊಟ್ಟೆಯ ಮೇಲಿಂದ ಎಡ ಪಕ್ಕೆಗೆ ಎಳೆದು ಸಿಕ್ಕಿಸಬೇಕು. ಎಡಗೈಯ ತುದಿಯನ್ನು ಅದರ ಮೇಲೆ ಬಲ ಪಕ್ಕೆಗೆ ತರಬೇಕು. ಅಂಚು ಬಲಗಾಲಿನ ಗುಂಟ ನೇರವಾಗಿ ಇಳಿಯಬೇಕು, ಕೆಳಗಿನ ಅಂಚು ಪಾದದ ಮೇಲ್ಭಾಗ ಮುಟ್ಟುವಂತಿರಬೇಕು, ನೆಲ ಮುಟ್ಟಬಾರದು. ಆಮೇಲೆ ಸೊಂಟದ ಅಂಚನ್ನು ಹೊರಕ್ಕೆ ಎರಡು ಸಲ ಬಿಗಿಯಾಗಿ ಹೊರಳಿಸಬೇಕು. ಉಡಿದಾರ ಇದ್ದವರು ಮೊದಲ ತುದಿಯನ್ನು ಅದರೊಳಗೇ ಸಿಕ್ಕಿಸುತ್ತಾರೆ. ಹೀಗೆ ಉಟ್ಟ ಪಂಚೆ ಸಂಜೆಯವರೆಗೆ ಅಲುಗುವುದಿಲ್ಲ. ಅಭ್ಯಾಸವಿಲ್ಲದವರಿಗೆ ವೆಲ್ಕ್ರೊ ಇರುವ ಪಂಚೆಗಳು ಅಂಗಡಿಯಲ್ಲಿ ಸಿಗುತ್ತವೆ. ಹಳಬರು ಅದನ್ನು ನೋಡಿ ಮೂಗು ಮುರಿಯುವುದು ನಮಗೆ ಸರಿ ಕಾಣುವುದಿಲ್ಲ, ಕಲಿಯುವವರಿಗೆ ಅದು ಒಳ್ಳೆಯ ಆಸರೆ.

ಮಂಡಿಯವರೆಗೆ ಎತ್ತಿಕಟ್ಟುವುದರ ಬಗ್ಗೆ ನಿಮ್ಮ ಮಾತಿನಲ್ಲಿ ಅರ್ಧ ನ್ಯಾಯವಿದೆ, ಅದನ್ನು ಒಪ್ಪುತ್ತೇವೆ. ಎತ್ತಿಕಟ್ಟುವುದು ಕೆಸರಿಗೆ, ಕೆಲಸಕ್ಕೆ, ಬಿಸಿಲಿಗೆ. ಹಿರಿಯರೆದುರು, ಮನೆಯೊಳಗೆ, ಸಭೆಯಲ್ಲಿ ಇಳಿಬಿಡುವುದು ಪಂಚೆ ಉಡುವವರೇ ಪಾಲಿಸಿಕೊಂಡು ಬಂದ ಮರ್ಯಾದೆ. ಯಾರಾದರೂ ಮರೆತಿದ್ದರೆ “ಅಣ್ಣಾ, ಪಂಚೆ ಇಳಿಬಿಡಿ” ಎಂದು ಒಂದು ಮಾತು ಹೇಳಿದರೆ ಸಾಕು, ಯಾರೂ ಜಗಳಕ್ಕೆ ಬರುವುದಿಲ್ಲ. ಅಷ್ಟಕ್ಕೆ ಮುಗಿಯುವುದನ್ನು ಪ್ರವೇಶ ನಿಷೇಧದವರೆಗೆ ಒಯ್ಯಬೇಕಿಲ್ಲ. ಮಂಡಿಯ ಮೇಲಿನ ಚಡ್ಡಿ ತೊಟ್ಟವರನ್ನು ನೀವು ಯಾವ ಮಾತೂ ಇಲ್ಲದೆ ಒಳಗೆ ಬಿಡುತ್ತೀರಿ ಎಂಬುದನ್ನೂ ಗಮನಿಸಿ.

ಮೂರನೆಯದು ಸುರಕ್ಷತೆ. ಎಸ್ಕಲೇಟರಿಗೆ ಪಂಚೆ ಸಿಕ್ಕಿಕೊಳ್ಳುತ್ತದೆ ಎಂಬ ಆತಂಕ ಸುಳ್ಳಲ್ಲ. ಸಡಿಲ ಬಟ್ಟೆ ಸಿಕ್ಕಿಕೊಳ್ಳುವ ಜಾಗ ಎರಡು: ಮೆಟ್ಟಿಲಿಗೂ ಪಕ್ಕದ ಗೋಡೆಗೂ ನಡುವಿನ ಸಂದು, ಮತ್ತು ಮೆಟ್ಟಿಲು ಚಪ್ಪಟೆಯಾಗಿ ಒಳಗೆ ಸರಿಯುವಲ್ಲಿ ಇರುವ ಲೋಹದ ಹಲ್ಲುಗಳು. ಪಕ್ಕದಲ್ಲಿ ಉದ್ದಕ್ಕೂ ಇರುವ ಕಪ್ಪು ಬ್ರಷ್ ಚಪ್ಪಲಿ ಒರೆಸಲು ಇಟ್ಟದ್ದಲ್ಲ, ಬಟ್ಟೆ ಮತ್ತು ಕಾಲನ್ನು ಆ ಸಂದಿನಿಂದ ದೂರ ಇಡಲು ಇಟ್ಟದ್ದು. ಆ ಬ್ರಷ್ ಸವೆದಿದೆಯೇ, ಹಲ್ಲು ಮುರಿದಿದೆಯೇ, ಮೇಲೆ ಕೆಳಗೆ ಇರುವ ಕೆಂಪು ಗುಂಡಿ ಒತ್ತಿದರೆ ನಿಲ್ಲುತ್ತದೆಯೇ ಎಂದು ನೋಡಿಕೊಳ್ಳುವುದು ನಿಮ್ಮ ಹೊಣೆ. ಮೆಟ್ಟಿಲ ನಡುವೆ ನಿಂತು, ಎಡಗೈಯಲ್ಲಿ ಪಂಚೆಯ ಚುಂಗು ಒಂದು ಗೇಣು ಎತ್ತಿ ಹಿಡಿದು, ಇಳಿಯುವಾಗ ಕಾಲು ಎಳೆಯದೆ ಎತ್ತಿ ಇಡುವುದು ಉಟ್ಟವರ ಹೊಣೆ. ಸೀರೆ, ಉದ್ದ ಲಂಗ, ಬುರ್ಖಾ, ಗೌನ್ ಎಲ್ಲಕ್ಕೂ ಇದೇ ಅಪಾಯ, ಇದೇ ಉಪಾಯ. ಸೀರೆ ಉಟ್ಟವರನ್ನು ಎಸ್ಕಲೇಟರಿನ ನೆಪ ಹೇಳಿ ಯಾವ ಮಾಲೂ ತಡೆದದ್ದು ನಾವು ಕಂಡಿಲ್ಲ. ಹಾಗಾಗಿ ಪಂಚೆಗೆ ಮಾತ್ರ ಈ ಕಾರಣ ಹೇಳಿದಾಗ ಅದರಲ್ಲಿ ನಮಗೆ ನಂಬಿಕೆ ಹುಟ್ಟುವುದಿಲ್ಲ.

ನಿಜವಾಗಿ ತಡೆಯಬೇಕಾದ ಜಾಗಗಳಿವೆ. ತಿರುಗುವ ಯಂತ್ರದ ಹತ್ತಿರ ಸಡಿಲ ಬಟ್ಟೆ ಸಲ್ಲದು. ಚಾಲನೆಯಲ್ಲಿರುವ ಯಂತ್ರವನ್ನು ಮುಟ್ಟಿ ಸರಿಪಡಿಸುವವರು ಮೈಗಂಟಿದ ಬಟ್ಟೆ ತೊಡಬೇಕು, ಅದನ್ನು ಕಾರ್ಖಾನೆಯವರೇ ಕೊಡಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 22ನೇ ಸೆಕ್ಷನ್ ಹೇಳಿತ್ತು. ಪ್ರಯೋಗಾಲಯ, ಹೋಟೆಲಿನ ಒಲೆಯ ಪಕ್ಕ, ಲಿಫ್ಟ್ ರಿಪೇರಿ, ಇಲ್ಲೆಲ್ಲ ಪಂಚೆ ಬೇಡ ಎಂದರೆ ನಾವೇ ಮೊದಲು ಒಪ್ಪುತ್ತೇವೆ. ಅದು ಕೆಲಸದ ಸ್ವರೂಪದಿಂದ ಹುಟ್ಟಿದ ನಿಯಮ, ಯಾರನ್ನೂ ಕೀಳಾಗಿ ಕಾಣುವುದಿಲ್ಲ.

ಬೈಕಿನಲ್ಲಿ ಹೇಗೆ ಬರುತ್ತೀರಿ ಎಂದು ಕಂಪನಿಗಳ ಎಚ್‌ಆರ್‌ನವರು ಕೇಳುವುದುಂಟು. ಗೇರು ಬೈಕಿಗೆ ಕಚ್ಚೆಯೇ ಸರಿ. ಎಡ ಸೆರಗನ್ನು ನೆರಿಗೆ ಹಿಡಿದು ಕಾಲುಗಳ ನಡುವಿನಿಂದ ಹಿಂದಕ್ಕೆ ತೆಗೆದು ಬೆನ್ನ ಕೆಳಗೆ ಸಿಕ್ಕಿಸಿ, ಬಲ ಸೆರಗಿನ ನೆರಿಗೆಯನ್ನು ಮುಂದೆ ಸಿಕ್ಕಿಸಿದರೆ ಎರಡು ಕಾಲೂ ಬೇರೆ ಬೇರೆಯಾಗಿ ಬಿಡುವಾಗುತ್ತವೆ. ಹೊಲ ಉಳುವವರು, ಸೈಕಲ್ ತುಳಿಯುವವರು ತಲೆಮಾರುಗಳಿಂದ ಮಾಡಿಕೊಂಡು ಬಂದದ್ದು ಇದನ್ನೇ. ಅಡ್ಡಪಂಚೆಯಾದರೆ ಸ್ಕೂಟರ್ ಅನುಕೂಲ. ಹಿಂದೆ ಕೂರುವವರ ಬಟ್ಟೆ ಚಕ್ರಕ್ಕೆ ಸಿಗದಂತೆ ಹಿಂಚಕ್ರದ ಅರ್ಧ ಭಾಗವಾದರೂ ಮುಚ್ಚುವ ತಡೆ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 123 ಹೇಳುತ್ತದೆ. ಅಂದಕ್ಕೆಂದು ಈ ತಡೆಯನ್ನು, ಅಂದರೆ ಸ್ಯಾರಿ ಗಾರ್ಡನ್ನು, ಬಿಚ್ಚಿಸಿದ ಬೈಕಿನಲ್ಲಿ ಪಂಚೆಯಷ್ಟೇ ಅಲ್ಲ, ದುಪಟ್ಟಾ ಕೂಡ ಜೀವಕ್ಕೆ ಅಪಾಯ.

ಕಚೇರಿಯೊಳಗೆ ನಿಜವಾದ ತೊಂದರೆ ಒಂದೇ, ಅದು ಗಾಲಿ ಕುರ್ಚಿ. ಕೂತಾಗ ಇಳಿಬಿದ್ದ ಅಂಚು ಗಾಲಿಯ ಕೆಳಗೆ ಹೋಗಿ, ಎದ್ದ ಕೂಡಲೇ ಸೊಂಟದ ಸುತ್ತು ಎಳೆಯುತ್ತದೆ. ಕೂರುವಾಗ ಮಂಡಿಯ ಬಳಿ ಎರಡೂ ಕೈಯಿಂದ ಬಟ್ಟೆಯನ್ನು ಸ್ವಲ್ಪ ಮೇಲೆ ತೆಗೆದುಕೊಂಡು, ಬಲಗಡೆಯ ಚುಂಗನ್ನು ತೊಡೆಯ ಮೇಲೆ ಹಾಕಿಕೊಂಡರೆ ಮುಗಿಯಿತು. ಎರಡೇ ದಿನದಲ್ಲಿ ಕೈಗೆ ರೂಢಿಯಾಗುವ ಕೆಲಸ.

ಹೀಗಿದ್ದೂ ಬಹಳಷ್ಟು ಕಂಪನಿಗಳಲ್ಲಿ ಪಂಚೆಗೆ ಜಾಗ ಇರುವುದು ಎಥ್ನಿಕ್ ಡೇ ದಿನ ಮಾತ್ರ. ಅಂದು ಫೋಟೊ ತೆಗೆಸುತ್ತೀರಿ, ಬಹುಮಾನ ಕೊಡುತ್ತೀರಿ. ಮಾರನೆಯ ಸೋಮವಾರ ಅದೇ ಹುಡುಗ ಅದೇ ಪಂಚೆಯಲ್ಲಿ ಬಂದರೆ “ಏನು, ಮನೆಯಲ್ಲಿ ಪೂಜೆಯೇ?” ಎಂದು ಒಬ್ಬರು, “ರಾಜಕೀಯಕ್ಕೆ ಸೇರಿದೆಯಾ?” ಎಂದು ಇನ್ನೊಬ್ಬರು ಕೇಳುತ್ತಾರೆ. ಕ್ಲೈಂಟ್ ಬರುತ್ತಾರೆ, ಬದಲಾಯಿಸಿಕೊಂಡು ಬಾ ಎಂದು ಮ್ಯಾನೇಜರು ಹೇಳುತ್ತಾರೆ. ಆ ಹುಡುಗನಿಗೆ ಪೂಜೆಯೂ ಇಲ್ಲ, ರಾಜಕೀಯವೂ ಇಲ್ಲ. ಸೆಕೆಗೆ ಹಗುರ, ಮೈಗೆ ಹಿತ, ತನಗೆ ಒಪ್ಪುತ್ತದೆ ಎಂದು ಉಟ್ಟಿರುತ್ತಾನೆ. ಇಷ್ಟಪಟ್ಟು ಉಟ್ಟ ಬಟ್ಟೆಗೆ ದಿನವೂ ಕಾರಣ ಹೇಳುತ್ತಾ ಕೂರುವ ಸ್ಥಿತಿ ಯಾರಿಗೂ ಬರಬಾರದು. ಅಂಥ ಹುಡುಗರಿಗೆ ಇದೇ ಪತ್ರದಲ್ಲಿ ಒಂದು ಮಾತು: ಮೊದಲ ತಿಂಗಳು ಜನ ಕೇಳುತ್ತಾರೆ. ನೀವು ವಾರಕ್ಕೆ ಎರಡು ಮೂರು ದಿನ ತಪ್ಪದೆ ಉಟ್ಟರೆ ಕೇಳುವುದು ನಿಲ್ಲುತ್ತದೆ. ಅಪರೂಪಕ್ಕೆ ಉಟ್ಟರೆ ಪ್ರತಿ ಸಲವೂ ಹೊಸದಾಗಿ ಕೇಳುತ್ತಾರೆ. ಸಣ್ಣ ಕರೆಯಂಚಿನ, ಬಿಳುಪು ಮಾಡದ ಕೋರಾ ಬಣ್ಣದ ಪಂಚೆಯ ಮೇಲೆ ನಿಮ್ಮ ದಿನನಿತ್ಯದ ತುಂಬುತೋಳಿನ ಅಂಗಿಯನ್ನೇ ಹಾಕಿ. ಜರಿಯಂಚು ಮದುವೆಗಿರಲಿ.

ಪಂಚೆಯ ಹಿಂದೆ ದುಡಿಮೆಯಿದೆ ಎಂಬುದನ್ನೂ ನಿಮ್ಮ ಗಮನಕ್ಕೆ ತರಬೇಕು. 1985ರ ಕೈಮಗ್ಗ ಮೀಸಲಾತಿ ಕಾಯ್ದೆಯಡಿ ಕೈಮಗ್ಗಕ್ಕೇ ಮೀಸಲಿಟ್ಟ ಹನ್ನೊಂದು ಬಗೆಯ ಬಟ್ಟೆಗಳಲ್ಲಿ ಧೋತಿಯೂ ಇದೆ, ಲುಂಗಿಯೂ ಇದೆ. ಮೇಲುಕೋಟೆಯ ಪಂಚೆಗೆ ಇಂದಿಗೂ ಹೆಸರಿದೆ. ವರ್ಷಕ್ಕೊಮ್ಮೆ ಆಗಸ್ಟ್ 7ರ ಕೈಮಗ್ಗ ದಿನದಂದು ನಿಮ್ಮ ಮಾಲಿನ ಅಂಗಳದಲ್ಲೇ ಮಳಿಗೆ ಹಾಕಿಸುತ್ತೀರಿ. ಆ ಮಳಿಗೆಯಲ್ಲಿ ಪಂಚೆ ಕೊಂಡವರು ಅದನ್ನು ಉಟ್ಟು ಬರುವಂತಿದ್ದರೆ ಮಾತ್ರ ನೇಕಾರರಿಗೆ ಮುಂದಿನ ವರ್ಷವೂ ಕೆಲಸ ಇರುತ್ತದೆ.

ಹೆಂಗಸರ ಉಡುಪಿನ ಮೇಲಿನ ಕಣ್ಗಾವಲು ಇದಕ್ಕಿಂತ ಎಷ್ಟೋ ಕಠಿಣ ಎಂಬುದು ನಮಗೆ ಗೊತ್ತು. 2021ರಲ್ಲಿ ದೆಹಲಿಯ ರೆಸ್ಟೋರೆಂಟ್ ಒಂದರಲ್ಲಿ, ಸೀರೆ ನಮ್ಮ ಉಡುಪಿನ ನಿಯಮಕ್ಕೆ ಹೊಂದುವುದಿಲ್ಲ ಎಂದು ಸಿಬ್ಬಂದಿ ಹೇಳಿದ ವಿಡಿಯೊ ದೇಶವೆಲ್ಲ ನೋಡಿತು. ಇಲ್ಲಿ ಪಂಚೆಯ ಬಗ್ಗೆ ಬರೆದಿದ್ದೇವೆ, ಏಕೆಂದರೆ ನಮಗೆ ಒಳಹೊರಗೆ ಗೊತ್ತಿರುವುದು ಪಂಚೆ. ಕೇಳುತ್ತಿರುವ ನ್ಯಾಯ ಎಲ್ಲರದ್ದು.

ಕಾನೂನಿನ ಸ್ಥಿತಿ ಹೀಗಿದೆ. ಅಂಗಡಿ, ಹೋಟೆಲ್, ಮನರಂಜನೆಯ ಜಾಗಗಳಿಗೆ ಪ್ರವೇಶ ನಿರಾಕರಿಸಬಾರದು ಎಂದು ಸಂವಿಧಾನದ 15(2)ನೇ ವಿಧಿ ಹೇಳುತ್ತದೆ. ಆದರೆ ಅದು ಎಣಿಸುವ ಕಾರಣಗಳು ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ. ಉಡುಪು ಆ ಪಟ್ಟಿಯಲ್ಲಿಲ್ಲ. ಉಡುಪಿನ ನೆಪದಲ್ಲಿ ಜಾತಿಯನ್ನೋ ಧರ್ಮವನ್ನೋ ಅಳೆದರೆ ಸಾಬೀತು ಮಾಡುವುದು ಕಷ್ಟ, ಆ ಸಂದಿನಲ್ಲೇ ಇಂಥ ನಿಯಮಗಳು ಬದುಕಿಕೊಂಡಿವೆ. 2014ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳನ್ನು ವಿವರಿಸುತ್ತಾ, ಉಡುಪಿನ ಮೂಲಕ ತನ್ನತನವನ್ನು ತೋರಿಸುವುದೂ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೆ ಬರುತ್ತದೆ ಎಂದು ಹೇಳಿದೆ. ಅದೇ 2014ರ ಜುಲೈನಲ್ಲಿ ಚೆನ್ನೈನ ಕ್ಲಬ್ ಒಂದು ವೇಷ್ಟಿ (ತಮಿಳರು ಪಂಚೆಗೆ ಹೇಳುವ ಹೆಸರು) ಉಟ್ಟು ಬಂದ ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರನ್ನೇ ಬಾಗಿಲಿಂದ ವಾಪಸ್ ಕಳಿಸಿತು. ತಮಿಳುನಾಡು ಸರ್ಕಾರ ಆಗಸ್ಟ್‌ನಲ್ಲೇ ಕಾಯ್ದೆ ತಂದಿತು. ವೇಷ್ಟಿಯೂ ಸೇರಿ ಭಾರತದ ಯಾವುದೇ ಸಾಂಪ್ರದಾಯಿಕ ಉಡುಪು ತೊಟ್ಟವರನ್ನು ಕ್ಲಬ್, ಸಂಘ, ಕಂಪನಿ, ಟ್ರಸ್ಟುಗಳು ತಮ್ಮ ಸಾರ್ವಜನಿಕ ಜಾಗಗಳಲ್ಲಿ ತಡೆಯುವಂತಿಲ್ಲ. ತಡೆದರೆ ಪರವಾನಗಿ ರದ್ದಾಗಬಹುದು, ಹೊಣೆ ಹೊತ್ತವರಿಗೆ ಒಂದು ವರ್ಷದವರೆಗೆ ಜೈಲು, 25,000 ರೂಪಾಯಿವರೆಗೆ ದಂಡ. ತಿಂಗಳೊಪ್ಪತ್ತಿನಲ್ಲಿ ಅಲ್ಲಿ ಆದ ಕೆಲಸ ಇಲ್ಲಿಯೂ ಆಗಬಹುದು.

ಈಗ ನಮ್ಮ ಬೇಡಿಕೆಗಳು. ಮಾಲ್ ಮತ್ತು ಮಲ್ಟಿಪ್ಲೆಕ್ಸಿನವರೇ, ನಿಮ್ಮಲ್ಲಿ ಉಡುಪಿನ ನಿಯಮ ಇದ್ದರೆ ಅದನ್ನು ಕನ್ನಡದಲ್ಲಿ ಬರೆದು, ಬರೆದವರ ಹುದ್ದೆಯ ಸಹಿತ ಬಾಗಿಲಲ್ಲಿ ಹಾಕಿ. ಇಲ್ಲದಿದ್ದರೆ ಇಲ್ಲ ಎಂದು ಹಾಕಿ. ಬಾಗಿಲಲ್ಲಿ ನಿಂತವರ ಕಣ್ಣಳತೆಗೆ ಬಿಡಬೇಡಿ. ಗುತ್ತಿಗೆಯ ಮೇಲೆ ಹನ್ನೆರಡು ಗಂಟೆ ನಿಲ್ಲುವ ಸೆಕ್ಯುರಿಟಿಯವರು ಮೇಲಿನವರು ಬಾಯಲ್ಲಿ ಹೇಳಿದ್ದನ್ನು ಮಾಡುತ್ತಾರೆ, ವಿಡಿಯೊ ಬಂದ ದಿನ ಕೆಲಸ ಕಳೆದುಕೊಳ್ಳುವವರೂ ಅವರೇ. ಇದು ನಮಗೆ ಎಳ್ಳಷ್ಟೂ ಒಪ್ಪಿಗೆಯಿಲ್ಲ. ಯಾರನ್ನಾದರೂ ತಡೆಯಬೇಕಾಗಿ ಬಂದರೆ ಮ್ಯಾನೇಜರೇ ಬಾಗಿಲಿಗೆ ಬಂದು ಕಾರಣ ಬರೆದು ಸಹಿ ಹಾಕಿ ಕೊಡಲಿ. ಸೆಕ್ಯುರಿಟಿ ಏಜೆನ್ಸಿಗೆ ಕೊಡುವ ಸೂಚನಾ ಪತ್ರದಲ್ಲಿ, ತಪಾಸಣೆ ಚೀಲ ಮತ್ತು ಲೋಹದ್ದು ಮಾತ್ರ, ಬಟ್ಟೆಯದಲ್ಲ ಎಂದು ಒಂದು ಸಾಲು ಸೇರಿಸಿ.

ಕಂಪನಿಗಳವರು ಉಡುಪಿನ ಪಟ್ಟಿಯಲ್ಲಿ ಪ್ಯಾಂಟ್, ಸೀರೆ, ಚೂಡಿದಾರದ ಪಕ್ಕ ಪಂಚೆ ಮತ್ತು ಧೋತರವನ್ನು ಹೆಸರಿಸಿ ಬರೆಯಬೇಕು. ಹೆಸರಿಲ್ಲದಿದ್ದರೆ ಪ್ರತಿ ಮ್ಯಾನೇಜರೂ ತನಗೆ ತೋಚಿದಂತೆ ಅರ್ಥ ಮಾಡುತ್ತಾನೆ. ಕ್ಲಬ್‌ಗಳ ಸದಸ್ಯರೇ, ಮುಂದಿನ ಸರ್ವಸದಸ್ಯರ ಸಭೆಯಲ್ಲಿ ನಿಮ್ಮ ಬೈಲಾದ ಉಡುಪಿನ ನಿಯಮವನ್ನು ಗಟ್ಟಿಯಾಗಿ ಓದಿಸಿ, ತಿದ್ದುಪಡಿಗೆ ನೋಟಿಸ್ ಕೊಡಿ. ಕಾಲರು, ಶೂ ಕಡ್ಡಾಯ ಮಾಡಿದವರೇ ಅದನ್ನು ಬದಲಿಸಲೂಬಹುದು.

ಮಾನ್ಯ ಸಚಿವರೇ, ಉಡುಪಿನ ಕಾರಣಕ್ಕೆ ಪ್ರವೇಶ ನಿರಾಕರಿಸುವುದನ್ನು ತಡೆಯುವ ಕಾಯ್ದೆಯ ಕರಡನ್ನು ವಿಧಾನಮಂಡಲದ ಮುಂದೆ ತನ್ನಿ. ಅಲ್ಲಿ ಲುಂಗಿಯ ಹೆಸರೂ ಇರಲಿ. ಕಾಯ್ದೆ ಬರುವವರೆಗೆ ನಗರಸಂಸ್ಥೆಗಳು ಕೊಡುವ ಉದ್ದಿಮೆ ಪರವಾನಗಿಯ ಷರತ್ತಿನಲ್ಲೇ ಇದನ್ನು ಸೇರಿಸಿ, ನವೀಕರಣದ ಸಮಯದಲ್ಲಿ ಬಾಗಿಲ ಫಲಕದ ಫೋಟೊ ಕೇಳಿ. ದೂರು ಕೊಡಲು ಪಾಲಿಕೆಯ ಸಹಾಯವಾಣಿಯಲ್ಲಿ ಪ್ರತ್ಯೇಕ ವಿಭಾಗ ತೆರೆಯಿರಿ. ಊರಿಂದ ಬಂದ ಹಿರಿಯರು ವಿಡಿಯೊ ಮಾಡಿ ಹಾಕಲಾರರು, ವಿಡಿಯೊ ಇಲ್ಲದ ದೂರಿಗೂ ಕಿವಿಗೊಡುವ ವ್ಯವಸ್ಥೆ ಬೇಕು.

ನಿಮ್ಮ ನಿಮ್ಮ ಸಂಸ್ಥೆಯ ನಿಯಮ ಏನೆಂದು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ. ಬಂದ ಉತ್ತರಗಳನ್ನು ಇದ್ದದ್ದು ಇದ್ದಂತೆ ಸಾರ್ವಜನಿಕರ ಮುಂದೆ ಇಡುತ್ತೇವೆ. ಉತ್ತರ ಬಾರದ ಕಡೆ ಪಂಚೆ ಉಟ್ಟು, ಟಿಕೆಟ್ ಕೊಂಡು, ಬಾಗಿಲಿಗೇ ಬಂದು ಕೇಳುತ್ತೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ದಿನವೂ ಪಂಚೆ, ಧೋತರ, ಲುಂಗಿ ಉಡುವ ಕನ್ನಡಿಗರು